ಉಪ್ಪಿನ ಗಂಟಿನ ಬಿಸಿ ಆರುವ ಮೊದಲು

ಅಡಿಕೆ ಸುಲಿಯುವ ಕಾಲ ಬಂತೆಂದರೆ ಮಲೆನಾಡಿನಲ್ಲಿ ನಮ್ಮಂಥ ಫಿಸಿಯೋಥೆರಪಿಯವರ ಬಳಿ ಮಂಡಿನೋವಿನ ಹೆಂಗಸರು ಹೆಚ್ಚುತ್ತಾರೆ. ಮೆಟ್ಟುಕತ್ತಿಯ ಮುಂದೆ ಕಾಲು ಮಡಚಿ ಕೂತರೆ ರಾತ್ರಿ ಹತ್ತಾದರೂ ಏಳದವರು. ಹಾಗೆ ಬಂದ ಅರವತ್ತರ ಆಸುಪಾಸಿನ ಅಮ್ಮ ಒಬ್ಬರು ಸೀರೆ ಸರಿಸಿ ಕಾಲು ತೋರಿಸಿದಾಗ ಮಂಡಿಯ ಪಕ್ಕದಲ್ಲಿ ರೂಪಾಯಿ ಅಗಲದ ಬೊಬ್ಬೆ. "ನೋವು ಜಾಸ್ತಿ ಆಗಿತ್ತು ಡಾಕ್ಟ್ರೇ, ಉಪ್ಪಿನ ಗಂಟು ಸ್ವಲ್ಪ ಹೆಚ್ಚು ಹೊತ್ತೇ ಇಟ್ಟೆ" ಎಂದರು. ಚರ್ಮ ಸುಟ್ಟದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಹಳೆಯ ಸಕ್ಕರೆ ಕಾಯಿಲೆ ಕಾಲಿನ ಸ್ಪರ್ಶವನ್ನು ಮಂಕು ಮಾಡಿತ್ತು.

ಮನೆಮದ್ದು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹುರಿದ ಕಲ್ಲುಪ್ಪಿನ ಗಂಟು, ಲಕ್ಕಿ ಸೊಪ್ಪು ಕುದಿಸಿದ ನೀರು, ಹರಳೆಣ್ಣೆ ಸವರಿ ಬಾಡಿಸಿದ ಎಕ್ಕದ ಎಲೆ, ಇವೆಲ್ಲದರಲ್ಲೂ ಮುಖ್ಯವಾಗಿ ಕೆಲಸ ಮಾಡುವುದು ಕಾವು. ಕಾವು ತಾಗಿದರೆ ಬಿಗಿದ ಸ್ನಾಯು ಸಡಿಲವಾಗುತ್ತದೆ, ನೋವು ಒಂದಷ್ಟು ಹೊತ್ತು ಹಿಂದೆ ಸರಿಯುತ್ತದೆ. ಬಟ್ಟೆ ಎರಡು ಪದರ ಇರಲಿ, ಹದಿನೈದು ನಿಮಿಷ ಸಾಕು. ಸಕ್ಕರೆ ಕಾಯಿಲೆ ಇದ್ದವರ ಗಂಟನ್ನು ಮನೆಯ ಇನ್ನೊಬ್ಬರು ತಮ್ಮ ಮೊಣಕೈಗೆ ತಾಗಿಸಿ ನೋಡಿದ ಮೇಲೇ ಇಡಬೇಕು.

ಎಡವುವುದು ಆಮೇಲೆ. ಶಾಖ ಕೊಟ್ಟು ಹಾಯೆನಿಸಿದ ಕೂಡಲೇ ಕಂಬಳಿ ಹೊದ್ದು ಮಲಗಿಬಿಡುತ್ತೇವೆ. ನಿಜವಾದ ಕೆಲಸಕ್ಕೆ ಸಿಕ್ಕ ಸಮಯವೇ ಅದು. ಮೂಳೆಯ ತುದಿಗಳನ್ನು ಮುಚ್ಚಿರುವ ನುಣುಪಾದ ಪದರಕ್ಕೆ ತನ್ನದೇ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಊಟ. ಕಾಲು ಮಡಚಿ ಬಿಡಿಸಿದಾಗ, ಸ್ಪಂಜು ಹಿಂಡಿ ಬಿಟ್ಟಂತೆ, ಆ ದ್ರವ ಒಳಹೊರಗೆ ಹರಿಯುತ್ತದೆ. ಮೇಲೆ ಸವರಿದ ಎಣ್ಣೆ ಕೀಲಿನೊಳಕ್ಕೆ ಇಳಿದು ಗ್ರೀಸ್ ಆಗುವುದಿಲ್ಲ. ಎಣ್ಣೆಯ ಲಾಭವೆಲ್ಲ ತಿಕ್ಕುವ ಕೈಯದು, ಅದೂ ಸಣ್ಣದೇನಲ್ಲ.

ಆ ಅಮ್ಮನಿಗೆ ಅಂದು ಕಲಿಸಿದ್ದು ಇಷ್ಟು. ಚಾಪೆಯ ಮೇಲೆ ಕಾಲು ಚಾಚಿ ಕೂರುವುದು, ಟವೆಲ್ ಸುತ್ತಿ ಮಂಡಿಯ ಅಡಿಗೆ ಇಟ್ಟು, ಅದನ್ನು ನೆಲಕ್ಕೆ ಒತ್ತುವುದು. ಒತ್ತಿದಾಗ ತೊಡೆಯ ಮುಂಭಾಗ ಕಲ್ಲಿನಂತಾಗಬೇಕು. ಮೊದಲ ಸಲ ಅವರ ಎಡತೊಡೆ ಬಾಳೆದಿಂಡಿನ ಹಾಗೆ ಮೆತ್ತಗೇ ಉಳಿಯಿತು. ಒತ್ತುತ್ತಿದ್ದದ್ದು ತೊಡೆಯಲ್ಲ, ಬಿಗಿದ ಹಲ್ಲು! ಅವರ ಅಂಗೈಯನ್ನೇ ತೊಡೆಯ ಮೇಲೆ ಇಡಿಸಿದೆ. ಐದನೆಯ ಸಲಕ್ಕೆ ಸ್ನಾಯು ಕೈಗೆ ಸಿಕ್ಕಿತು. ಐದು ಎಣಿಸುವವರೆಗೆ ಒತ್ತಿ ಬಿಡುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಈ ತೊಡೆ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಹೊರೆ ಹಗುರ. ಉಸಿರು ಕಟ್ಟಬೇಡಿ, ಬಿಪಿ ಇದ್ದವರಂತೂ ಕಟ್ಟಲೇಬೇಡಿ. ಗುಣ ಕಾಣಲು ಆರರಿಂದ ಎಂಟು ವಾರ ಬೇಕು, ಮೂರನೇ ದಿನಕ್ಕೆ ಕೈಬಿಟ್ಟವರಿಗೆ ಏನೂ ಸಿಗುವುದಿಲ್ಲ.

ಅರಿಶಿನದ ಹಾಲು ಕುಡಿಯಿರಿ, ಖಂಡಿತ. ಆದರೆ ಒಂದು ಚಮಚ ಅರಿಶಿನದಲ್ಲಿ ಅದರ ಔಷಧಾಂಶವಾದ ಕರ್ಕ್ಯುಮಿನ್ ಇರುವುದು ಸುಮಾರು 100 ಮಿಲಿಗ್ರಾಂ. ನೋವು ಕಡಿಮೆಯಾಯಿತೆಂದು ಪರೀಕ್ಷೆಗಳಲ್ಲಿ ಕಂಡದ್ದು ಅದರ ಹಲವು ಪಟ್ಟು ಸಾಂದ್ರವಾದ ಸಾರದಿಂದ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಅಂಥ ಕ್ಯಾಪ್ಸೂಲನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ತೂಕದ ವಿಷಯ ಹೇಳಿದರೆ ಬೇಸರವಾಗುತ್ತದೆ, ಆದರೂ ಹೇಳಬೇಕು: ಮೈಯಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಲೇಬಲ್ ಇಲ್ಲದ "ಗಿಡಮೂಲಿಕೆ" ಪುಡಿ. ಎರಡೇ ದಿನಕ್ಕೆ ನೋವು ಮಾಯವಾದರೆ ಖುಷಿಪಡಬೇಡಿ, ಅನುಮಾನಪಡಿ. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಮತ್ತೆ ಮತ್ತೆ ಸಿಕ್ಕಿದೆ. ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ತಿನ್ನುತ್ತಿರುವವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.

ಎಲ್ಲ ಕೀಲುನೋವೂ ಆ ನುಣುಪು ಪದರದ ಸವೆತದಿಂದ ಬಂದದ್ದಲ್ಲ. ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಡುವುದು ಸವೆತದ ಲಕ್ಷಣ. ಎರಡೂ ಕೈಬೆರಳುಗಳು ಊದಿಕೊಂಡು ಗಂಟೆಗಟ್ಟಲೆ ಮಡಚಲಾಗದಿದ್ದರೆ ಅದು ಆಮವಾತ (ರುಮಟಾಯ್ಡ್ ಆರ್ಥ್ರೈಟಿಸ್), ಅಂದರೆ ದೇಹದ ರಕ್ಷಣಾ ಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳುವ ಕಾಯಿಲೆ ಇರಬಹುದು. ಅದಕ್ಕೆ ಬೇರೆಯದೇ ಔಷಧಿ, ತಡಮಾಡಿದರೆ ಕೀಲು ಸೊಟ್ಟಗಾಗುತ್ತದೆ. ರಾತ್ರೋರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ ಉರಿದರೆ ರಕ್ತದಲ್ಲಿ ಯೂರಿಕ್ ಆಮ್ಲವನ್ನು ನೋಡಿಸಿ. ಕೆಂಪಾಗಿ, ಬಿಸಿಯಾಗಿ ಊದಿದ ಕೀಲಿಗೆ ಶಾಖ ಬೇಡವೇ ಬೇಡ. ಜೊತೆಗೆ ಜ್ವರವೂ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆ ಅಮ್ಮನಿಗೆ ಕೋಲನ್ನು ನೋವಿರುವ ಎಡಗಡೆ ಹಿಡಿಯುವ ಅಭ್ಯಾಸವಿತ್ತು. ಬಲಗೈಗೆ ಕೊಟ್ಟೆ. ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ ಎಂದು ನಮ್ಮ ಬಾಗಿಲ ಮೂರು ಮೆಟ್ಟಿಲಲ್ಲೇ ಅಭ್ಯಾಸ ಮಾಡಿಸಿದೆ. ಎರಡು ತಿಂಗಳ ಮೇಲೆ ಬಂದವರು ನೋವು ಹೋಯಿತು ಎನ್ನಲಿಲ್ಲ. "ಸುಲಿಯೋವಾಗ ಅರ್ಧ ಗಂಟೆಗೊಂದ್ಸಲ ಎದ್ದು ಅಂಗಳ ಸುತ್ತಿ ಬರ್ತೀನಿ, ಸೊಸೆ ಮೊಬೈಲಲ್ಲಿ ಅಲಾರಂ ಇಟ್ಟುಕೊಟ್ಟಿದಾಳೆ" ಎಂದರು. ಎಡತೊಡೆಯ ಮೇಲೆ ಕೈಯಿಟ್ಟು ಒತ್ತಲು ಹೇಳಿದೆ. ಗಟ್ಟಿಯಾಗಿತ್ತು.