ಮೂರು ಬಾಲದ ಕುದುರೆಯ ಊರು ಯಾವುದು?

ಚಿನ್ನದ ಬಿಲ್ಲೆಯ ಮೇಲೊಂದು ಕುದುರೆ. ಕಾಲುಗಳು ಮೈಗೆ ಸರಿಯಾಗಿ ಅಂಟಿಲ್ಲ. ಬಾಲ ಎಣಿಸಿದರೆ ಮೂರು. ಸುತ್ತ ರಂಗೋಲಿಗೆ ಇಟ್ಟ ಚುಕ್ಕಿಗಳಂಥ ಬೊಟ್ಟುಗಳು, ಹೊಟ್ಟೆಯ ಕೆಳಗೊಂದು ಗಾಲಿ. ಗಾಲಿ ಇದೆ, ಬಂಡಿ ಇಲ್ಲ! ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕಡೆ ಇದ್ದ ಡೊಬುನ್ನಿ ಬುಡಕಟ್ಟಿನ, ಎರಡು ಸಾವಿರ ವರ್ಷ ಹಳೆಯ ನಾಣ್ಯ ಇದು.

ಬಂಡಿಯನ್ನು ಹುಡುಕುತ್ತಾ ಹೋದರೆ ಮ್ಯಾಸಿಡೋನಿಯಾ ತಲುಪುತ್ತೇವೆ. ಅಲೆಕ್ಸಾಂಡರನ ಅಪ್ಪ ಎರಡನೇ ಫಿಲಿಪ್‌ನ ಚಿನ್ನದ ನಾಣ್ಯದಲ್ಲಿ ಒಂದು ಕಡೆ ಅಪೋಲೊ ದೇವರ ತಲೆ, ಇನ್ನೊಂದು ಕಡೆ ಎರಡು ಕುದುರೆಯ ರಥ. ಕೂಲಿಗೆ ಯುದ್ಧ ಮಾಡಲು ಹೋದ ಕೆಲ್ಟಿಕ್ (ಆಗಿನ ಯುರೋಪಿನ ಬುಡಕಟ್ಟು ಜನ) ಸೈನಿಕರ ಕೈಗೆ ಇಂಥ ಚಿನ್ನ ಸಿಕ್ಕಿತು. ಈಗಿನ ಫ್ರಾನ್ಸ್ ಇರುವ ಗಾಲ್‌ನಲ್ಲಿ ಅದನ್ನು ನೋಡಿ ತಮ್ಮದೇ ಅಚ್ಚು ಕೊರೆದರು. ಅದನ್ನು ನೋಡಿ ಮತ್ತೊಬ್ಬರು. ಎರಡು ಕುದುರೆ ಒಂದಾಯಿತು, ಸಾರಥಿ ಮಾಯವಾದ, ಗಾಲಿ ಉಳಿಯಿತು. ಸುಮಾರು ಕ್ರಿ.ಪೂ. 150ರ ಹೊತ್ತಿಗೆ ಈ ಕುದುರೆ ಕಡಲು ದಾಟಿ ಬ್ರಿಟನ್‌ಗೆ ಬಂದಿತ್ತು.

ಈ ದಾರಿಯನ್ನು ಮೊದಲು ಸರಿಯಾಗಿ ತೋರಿಸಿದವರು ಜಾನ್ ಇವಾನ್ಸ್. ಕಾಗದದ ಕಾರ್ಖಾನೆ ನಡೆಸುತ್ತಿದ್ದ ಇವರು 1864ರಲ್ಲಿ ಪ್ರಾಚೀನ ಬ್ರಿಟನ್ನರ ನಾಣ್ಯಗಳ ಮೇಲೆ ದೊಡ್ಡ ಪುಸ್ತಕವನ್ನೇ ತಂದರು. ಆ ಕಾಲದ ಲೆಕ್ಕದಲ್ಲಿ ಇವು ಕೆಟ್ಟುಹೋದ ನಕಲುಗಳು. ನನಗಂತೂ ಹಾಗನಿಸುವುದಿಲ್ಲ. ಪ್ಯಾರಿಸ್‌ಗೆ ಹೆಸರು ಕೊಟ್ಟ ಪ್ಯಾರಿಸೀ ಜನರ ಚಿನ್ನದ ಕುದುರೆ ನೋಡಿ. ಕೈಲಾಗದವರ ಗೆರೆಯಾ ಅದು?

ಇವಾನ್ಸ್ ಇನ್ನೊಂದು ಕೆಲಸವನ್ನೂ ಮಾಡಿದ್ದರು. ಯಾವ ನಾಣ್ಯ ಎಲ್ಲಿ ಸಿಕ್ಕಿತು ಅಂತ ಬರೆದಿಟ್ಟರು. ಜಾಸ್ತಿ ನಾಣ್ಯಗಳ ಮೇಲೆ ಅಕ್ಷರವೇ ಇಲ್ಲ. ಸಿಕ್ಕಿದ ಜಾಗವೇ ಅದರ ಬುಡಕಟ್ಟಿನ ಗುರುತು. 1960ರಲ್ಲಿ ಶುರುವಾಗಿ ಆಕ್ಸ್‌ಫರ್ಡ್‌ನಲ್ಲಿ ಬೆಳೆದ ಕೆಲ್ಟಿಕ್ ನಾಣ್ಯಗಳ ಸೂಚಿ ನಿಂತಿರುವುದೂ ಇದರ ಮೇಲೆಯೇ.

ಆಮೇಲೆ ಮೆಟಲ್ ಡಿಟೆಕ್ಟರ್ ಬಂತು. 1980ರ ದಶಕದಲ್ಲಿ ಇಂಗ್ಲೆಂಡಿನ ಸರ್ರೆಯ ವಾನ್‌ಬರೋ ಎಂಬಲ್ಲಿ ಹಳೆಯ ದೇವಸ್ಥಾನದ ನೆಲವನ್ನು ರಾತ್ರೋರಾತ್ರಿ ಅಗೆದು ಸಾವಿರಗಟ್ಟಲೆ ನಾಣ್ಯ ಸಾಗಿಸಿದರು. ಕೇಸು ನಿಲ್ಲಲಿಲ್ಲ. ಯಾಕೆಂದರೆ ವಾಪಸ್ ತೆಗೆಯುವ ಉದ್ದೇಶದಿಂದ ಹೂತಿಟ್ಟ ಚಿನ್ನ ಬೆಳ್ಳಿ ಮಾತ್ರ ನಿಧಿ ಅನ್ನುತ್ತಿತ್ತು ಹಳೆಯ ಕಾನೂನು. ದೇವರಿಗೆ ಕೊಟ್ಟ ಕಾಣಿಕೆಯನ್ನು ಯಾರಾದರೂ ವಾಪಸ್ ಕೇಳುತ್ತಾರಾ? ಈ ಸಿಟ್ಟಿನಿಂದ ಹುಟ್ಟಿದ ಚಳವಳಿಯ ಫಲ 1996ರ ನಿಧಿ ಕಾಯ್ದೆ. 300 ವರ್ಷಕ್ಕಿಂತ ಹಳೆಯ ಚಿನ್ನ ಅಥವಾ ಬೆಳ್ಳಿ ನಾಣ್ಯ ಒಂದೇ ಕಡೆ ಎರಡು ಸಿಕ್ಕರೂ 14 ದಿನದೊಳಗೆ ತಿಳಿಸಬೇಕು. ಮ್ಯೂಸಿಯಂ ಇಟ್ಟುಕೊಂಡರೆ ಹುಡುಕಿದವರಿಗೂ ಜಮೀನಿನವರಿಗೂ ಹಣ.

ಒಂಟಿ ನಾಣ್ಯ ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಕೊಳ್ಳುವವರೇ ಕೇಳಬೇಕು: ಎಲ್ಲಿ ಸಿಕ್ಕಿತು, ಎಲ್ಲಾದರೂ ದಾಖಲಾಗಿದೆಯಾ? ಸವೆತಕ್ಕಿಂತ ನಾನು ಮೊದಲು ನೋಡುವುದು ಅದನ್ನೇ. ಹಾಗೆಯೇ ಅಂಚಿನಲ್ಲಿ ಹಸಿರು ಇಣುಕಿದರೆ ಹುಷಾರು. ಒಳಗೆ ಕಂಚಿಟ್ಟು ಮೇಲೆ ಚಿನ್ನ ಹೊದಿಸುವ ಮೋಸ ಆಗಲೂ ಇತ್ತು!

2000ದಲ್ಲಿ ಲೆಸ್ಟರ್‌ಶೈರ್‌ನ ಹ್ಯಾಲಟನ್‌ನಲ್ಲಿ ಹವ್ಯಾಸಿ ಪುರಾತತ್ವ ಆಸಕ್ತರಿಗೆ ನಾಣ್ಯ ಸಿಕ್ಕಿದಾಗ ಅವರು ಮ್ಯೂಸಿಯಂಗೆ ತಿಳಿಸಿದರು. ತಜ್ಞರು ಬಂದು ಅಗೆದರು. ಸಿಕ್ಕಿದ ನಾಣ್ಯಗಳು 5,000ಕ್ಕೂ ಜಾಸ್ತಿ, ಹೆಚ್ಚಿನವು ಕೊರಿಯೆಲ್ಟಾವಿ ಬುಡಕಟ್ಟಿನವು. ಜೊತೆಗೆ ರಾಶಿ ಹಂದಿ ಮೂಳೆ, ಅಂದರೆ ಅಲ್ಲಿ ಬಯಲಲ್ಲೇ ಹಬ್ಬದೂಟ ನಡೆಯುತ್ತಿತ್ತು. ಮತ್ತೆ ಒಂದು ರೋಮನ್ ಶಿರಸ್ತ್ರಾಣ, ಅದೂ ಕುದುರೆ ಸವಾರನದ್ದು.