ಯುಪಿಎಸ್ ಕೂಗಿದ್ದು ರೂಟರ್‌ಗೆ ಕೇಳಲಿ

ಏಪ್ರಿಲ್ ಕಳೆಯುವ ಹೊತ್ತಿಗೆ ಮೈಸೂರಿನಲ್ಲಿ ಸಂಜೆ ಗಾಳಿ ಎದ್ದಿತೆಂದರೆ ಮಳೆಗಿಂತ ಮುಂಚೆ ಕರೆಂಟ್ ಹೋಗುತ್ತದೆ. ಎಲ್ಲೋ ಒಂದು ಕೊಂಬೆ ತಂತಿಗೆ ತಾಗಿರುತ್ತದೆ, ಅಷ್ಟೆ. ಮೇಜಿನ ಕೆಳಗಿನ ಯುಪಿಎಸ್ ಕೀಂ ಕೀಂ ಎಂದು ಕೂಗತೊಡಗುತ್ತದೆ. ಮನೆಯಲ್ಲಿ ಯಾರಾದರೂ ಇದ್ದರೆ ಸರಿ, ಬಂದು ಕಂಪ್ಯೂಟರ್ ಆರಿಸುತ್ತಾರೆ. ಇಲ್ಲದಿದ್ದರೆ ಅದು ಹತ್ತಿಪ್ಪತ್ತು ನಿಮಿಷ ಗೋಡೆಗೆ ದೂರು ಹೇಳಿ ಸುಮ್ಮನಾಗುತ್ತದೆ. ಫೈಲ್ ಬರೆಯುತ್ತಿದ್ದ ಹಾರ್ಡ್‌ಡಿಸ್ಕ್ ಅರ್ಧಕ್ಕೆ ನಿಲ್ಲುತ್ತದೆ. ಹಗಲೂ ರಾತ್ರಿ ಎಚ್ಚರವಿದ್ದು ಆ ಕೂಗನ್ನು ಕೇಳಿಸಿಕೊಳ್ಳಬಲ್ಲ ಕಂಪ್ಯೂಟರ್ ಹೆಚ್ಚಿನ ಮನೆಗಳಲ್ಲಿ ಒಂದೇ: ರೂಟರ್. ಹತ್ತು ವಾಟ್‌ ಆಸುಪಾಸಿನಲ್ಲಿ ಬದುಕುವ ಅದು ಯುಪಿಎಸ್‌ನ ಕೊನೆಯ ಉಸಿರಿನವರೆಗೂ ಜೊತೆಗಿರುತ್ತದೆ.

ಆ ಕೂಗನ್ನು ರೂಟರ್‌ಗೆ ಕೇಳಿಸಲು ಬೇಕಾಗುವುದು ಹೆಚ್ಚೇನಿಲ್ಲ. ಕಂಪನಿಯ ತಂತ್ರಾಂಶದ ಬದಲಿಗೆ ಓಪನ್‌ವರ್ಟ್ ಎಂಬ ಉಚಿತ ತಂತ್ರಾಂಶ ಹಾಕಬಹುದಾದ, ಯುಎಸ್‌ಬಿ ಕಿಂಡಿ ಇರುವ ರೂಟರ್. 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್ ಇದ್ದರೆ ಧಾರಾಳ. ಇಂಟರ್ನೆಟ್ ಕಂಪನಿ ಕೊಟ್ಟ ಡಬ್ಬಿಯಲ್ಲಿ ಸಾಮಾನ್ಯವಾಗಿ ಇದು ಆಗದು. ಅದನ್ನು ಫೈಬರ್ ತುದಿಗೆ ಬಿಟ್ಟು ಹಿಂದೆ ನಿಮ್ಮ ರೂಟರ್ ಇಟ್ಟುಕೊಳ್ಳಿ. ಕೇಬಲ್ ಪ್ರಿಂಟರ್‌ನದೇ ಸಾಕು. ತೊಡಕು ಬರುವುದು ಯುಪಿಎಸ್ ಕೊಳ್ಳುವಾಗ. ಅಂಗಡಿಯಲ್ಲಿ ಮೊದಲು ಕೈಗೆ ಸಿಗುವ 600 ವಿಎ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಡೇಟಾ ಕಿಂಡಿಯೇ ಇರುವುದಿಲ್ಲ. ಹಿಂದೆ ತಿರುಗಿಸಿ ಚೌಕನೆಯ ಯುಎಸ್‌ಬಿ ಕಿಂಡಿ ಇದೆಯೇ ನೋಡಿಯೇ ದುಡ್ಡು ಕೊಡಿ. ಟೆಲಿಫೋನ್ ತಂತಿ ಹೋಗುವಂಥ ಸಣ್ಣ ಕಿಂಡಿಗಳು ಸಿಡಿಲಿನ ಹೊಡೆತ ತಡೆಯಲಿಕ್ಕೆ, ಮಾತಾಡಲಿಕ್ಕಲ್ಲ. ಕೆಲವು ಮಾದರಿಗಳಲ್ಲಿ ಲ್ಯಾನ್ ಕಿಂಡಿಯಂತೆ ಕಾಣುವುದು ನಿಜಕ್ಕೂ ಹತ್ತು ಪಿನ್ನಿನ ಡೇಟಾ ಕಿಂಡಿ. ಅದಕ್ಕೆ ಲ್ಯಾನ್ ಕೇಬಲ್ ತುರುಕಬೇಡಿ, ಅದರದೇ ಕೇಬಲ್ ಬೇಕು.

ಯುಪಿಎಸ್‌ಗಳು ಮುಖ್ಯವಾಗಿ ಎರಡು ಭಾಷೆ ಆಡುತ್ತವೆ. ಒಂದು, ಕೀಬೋರ್ಡ್ ಮೌಸ್‌ಗಳ ಕುಟುಂಬಕ್ಕೇ ಸೇರಿದ ಹಿಡ್ ಭಾಷೆ. ಇನ್ನೊಂದು ಸೀರಿಯಲ್ ಕೇಬಲ್ ಕಾಲದ ಮೆಗಾಟೆಕ್ ಭಾಷೆ. ಅಗ್ಗದ ಪೆಟ್ಟಿಗೆಗಳಲ್ಲಿ ಇಂದಿಗೂ ಇದರದೇ ರಾಜ್ಯ. ರೂಟರ್ ‘ಕ್ಯೂ1’ ಎಂದು ಕೇಳುತ್ತದೆ, ಯುಪಿಎಸ್ ಒಂದೇ ಸಾಲಿನಲ್ಲಿ ಉತ್ತರ ಕೊಡುತ್ತದೆ:

(228.4 228.4 229.1 018 50.0 13.6 25.0 00001001

ಮೊದಲನೆಯದು ಒಳಬರುವ ವೋಲ್ಟೇಜ್, ಎರಡನೆಯದು ಈಚೆಗೆ ಬ್ಯಾಟರಿಗೆ ಹಾರಿದ್ದರೆ ಆಗಿನದು (ಹಾರಿಲ್ಲದಿದ್ದರೆ ಮೊದಲನೆಯದೇ ಮತ್ತೊಮ್ಮೆ), ಮೂರನೆಯದು ಹೊರಹೋಗುವುದು. ಲೋಡ್ ಶೇ. 18, ಆವರ್ತನ 50.0, ಬ್ಯಾಟರಿ 13.6 ವೋಲ್ಟ್, ಉಷ್ಣಾಂಶ 25.0. ಕೊನೆಯ ಎಂಟು ಅಂಕಿಗಳಲ್ಲಿ ಮೊದಲನೆಯದು 1 ಆದರೆ ಕರೆಂಟ್ ಹೋಗಿದೆ. ಎರಡನೆಯದು 1 ಆದರೆ ಬ್ಯಾಟರಿ ಮುಗಿಯುತ್ತ ಬಂದಿದೆ. ಮೂರನೆಯದು 1 ಆದರೆ ಒಳಗಿನ ರಿಲೇ ‘ಟಿಕ್’ ಎಂದು ವೋಲ್ಟೇಜನ್ನು ಏರಿಸುತ್ತಲೋ ಇಳಿಸುತ್ತಲೋ ಇದೆ. ಕಡೆಯ 1, ಬೀಪರ್ ಚಾಲೂ ಇದೆ ಎಂಬುದಕ್ಕೆ. ಉಷ್ಣಾಂಶವನ್ನು ನಂಬಬೇಡಿ. ಎಷ್ಟೋ ಅಗ್ಗದ ಪೆಟ್ಟಿಗೆಗಳಲ್ಲಿ ಅದನ್ನು ಅಳೆಯುವ ಭಾಗವೇ ಇರುವುದಿಲ್ಲ, 25.0 ಬರೀ ಬಾಯಿಪಾಠ.

ಈ ಸಾಲಿನಲ್ಲಿ ಬ್ಯಾಟರಿ ಶೇಕಡಾ ಎಷ್ಟು ಉಳಿದಿದೆ ಎಂಬ ಅಂಕಿ ಇಲ್ಲವೇ ಇಲ್ಲ. ಅದನ್ನು ಆಮೇಲೆ ನೋಡೋಣ.

ಎರಡೂ ಭಾಷೆ ಬಲ್ಲ ಉಚಿತ ತಂತ್ರಾಂಶದ ಹೆಸರು ನಟ್. ಓಪನ್‌ವರ್ಟ್‌ನಲ್ಲಿ ಅದರ ಸರ್ವರ್, ಮಾನಿಟರ್, ಜೊತೆಗೆ ಒಂದು ಡ್ರೈವರ್ ಪ್ಯಾಕೇಜ್ ಹಾಕಿದರಾಯಿತು. ಹಿಡ್ ಯುಪಿಎಸ್ ಆದರೆ ಡ್ರೈವರ್ ತಾನೇ ಗುರುತು ಹಿಡಿಯುತ್ತದೆ. ಯುಎಸ್‌ಬಿ ಗುರುತು 0665:5161 ಎಂದು ಕಂಡರೆ ಅದು ಮೆಗಾಟೆಕ್ ಬಳಗ; ಹೆಸರಿನ ಕೊನೆಗೆ ಕ್ಯೂಎಕ್ಸ್ ಇರುವ ಡ್ರೈವರ್ ಆರಿಸಿಕೊಳ್ಳಿ. ಸ್ಥಿತಿ ಕೇಳುವ ಆಜ್ಞೆಯ ಹೆಸರು ಯುಪಿಎಸ್‌ಸಿ. ಐಎಎಸ್‌ಗೆ ಓದುತ್ತಿರುವವರು ಕ್ಷಮಿಸಬೇಕು. ‘ಓಎಲ್’ ಎಂದು ಬಂದರೆ ಕರೆಂಟ್ ಇದೆ, ‘ಓಬಿ’ ಅಂದರೆ ಬ್ಯಾಟರಿ ಮೇಲೆ ಓಡುತ್ತಿದೆ, ಜೊತೆಗೆ ‘ಎಲ್‌ಬಿ’ ಸೇರಿದರೆ ಮುಗಿಯುವ ಹಂತ.

ಮೊದಲ ದಿನ ಬರುವ ತಕರಾರು ಹೆಚ್ಚಾಗಿ ಅನುಮತಿಯದು. ಡ್ರೈವರ್ ಓಡುವುದು ನಟ್ ಎಂಬ ಬಳಕೆದಾರನ ಹೆಸರಿನಲ್ಲಿ, ಯುಎಸ್‌ಬಿ ಸಾಧನ ಇರುವುದು ರೂಟ್ ಹೆಸರಿನಲ್ಲಿ. ಪ್ಯಾಕೇಜ್ ಹಾಕಿದ ಮೇಲೆ ಕೇಬಲ್ ಕಿತ್ತು ಮತ್ತೆ ಹಾಕಿದರೆ ಬಹುಪಾಲು ಸರಿಹೋಗುತ್ತದೆ. ವಾರ ಕಳೆದ ಮೇಲೆ ಬರುವುದು ‘ಡೇಟಾ ಸ್ಟೇಲ್’, ಅಂದರೆ ತಂಗಳು ಮಾಹಿತಿ: ಯುಪಿಎಸ್ ಬಾಯಿಮುಚ್ಚಿದೆ. ಕೇಬಲ್ ಒಂದೂವರೆ ಮೀಟರ್ ಒಳಗಿರಲಿ, 230 ವೋಲ್ಟ್ ವೈರಿನ ಜೊತೆ ಸುತ್ತಿಕೊಂಡಿರದಿರಲಿ, ನಡುವೆ ಹಬ್ ಬೇಡ. ಡ್ರೈವರನ್ನು ತಾನಾಗಿಯೇ ಮತ್ತೆ ಶುರುಮಾಡುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಇದ್ದರೆ ಇನ್ನೂ ಒಳ್ಳೆಯದು.

ಈಗ ಶೇಕಡಾ ವಿಚಾರ. ಮೆಗಾಟೆಕ್ ಯುಪಿಎಸ್‌ನಲ್ಲಿ ನಟ್ ಬ್ಯಾಟರಿಯ ವೋಲ್ಟೇಜ್ ನೋಡಿ ಶೇಕಡಾ ಊಹಿಸುತ್ತದೆ, ಊಹೆ ಹಾದಿ ತಪ್ಪುತ್ತದೆ. ಒಳಗಿರುವ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯ ಮೇಲೆ ಬರೆದ ಆ 7, ಇಪ್ಪತ್ತು ಗಂಟೆಯ ಲೆಕ್ಕ, ಗಂಟೆಗಟ್ಟಲೆ 0.35 ಆಂಪಿಯರ್‌ನಂತೆ ನಿಧಾನವಾಗಿ ಎಳೆದರೆ ಮಾತ್ರ ಸಿಗುವುದು. 120 ವಾಟ್‌ನ ಕಂಪ್ಯೂಟರ್‌ಗೆ, ಯುಪಿಎಸ್ ಒಳಗೆ ಸೋರುವುದನ್ನೂ ಸೇರಿಸಿ, ಸುಮಾರು 12 ಆಂಪಿಯರ್ ಬೇಕು. ಅಂದರೆ 34 ಪಟ್ಟು. ಅಷ್ಟು ರಭಸದಲ್ಲಿ ಎಳೆದಾಗ ಸೀಸದ ಪ್ಲೇಟಿನ ಸೂಕ್ಷ್ಮ ರಂಧ್ರಗಳೊಳಗಿನ ಆಮ್ಲ ತೀರಿಹೋಗುತ್ತದೆ, ಹೊರಗಿನ ಆಮ್ಲ ಒಳಕ್ಕೆ ಇಳಿಯಲು ಪುರುಸೊತ್ತೇ ಸಿಗುವುದಿಲ್ಲ. ಆಮ್ಲ ಇದ್ದೂ ಇಲ್ಲದಂತೆ. ಕರೆಂಟ್ ಹೋದ ಅರ್ಧ ನಿಮಿಷದಲ್ಲಿ 13.6 ಇದ್ದದ್ದು 12ರ ಹತ್ತಿರಕ್ಕೆ ಕುಸಿಯುತ್ತದೆ, ಪರದೆಯ ಮೇಲೆ 100 ಇದ್ದದ್ದು 70 ಆಗುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ.

ಇದಕ್ಕಿಂತ ಅಪಾಯದ್ದು ಕರೆಂಟ್ ವಾಪಸ್ ಬಂದಾಗ ಆಗುವ ಮೋಸ. ಚಾರ್ಜರ್ ವೋಲ್ಟೇಜನ್ನು ಮೇಲೆತ್ತಿದ ಕೂಡಲೇ ಶೇಕಡಾ ನೂರಕ್ಕೆ ಹಾರುತ್ತದೆ. ಬ್ಯಾಟರಿ ನಿಜವಾಗಿ ತುಂಬಲು ಆರೆಂಟು ಗಂಟೆ ಬೇಕು. ಗಾಳಿ-ಮಳೆಯ ಸಂಜೆ ಕರೆಂಟ್ ಹೋಗಿ ಬಂದು ಹೋಗಿ ಬಂದು ಆಡುವಾಗ, ನೂರು ತೋರಿಸುತ್ತಿದ್ದ ಯುಪಿಎಸ್ ಮೂರನೆಯ ಸಲಕ್ಕೆ ಎರಡೇ ನಿಮಿಷಕ್ಕೆ ಮಲಗುವುದು ಇದರಿಂದಲೇ.

ಹಾಗಾಗಿ ನಂಬಬೇಕಾದದ್ದು ಗಡಿಯಾರವನ್ನು. ಮಂಡ್ಯದ ಕಡೆ ಕೋಳಿಮರಿಗೆ ಕಾವು ಕೊಡಲು ಹಾಕುವ 100 ವಾಟ್‌ನ ಬುರುಡೆ ಬಲ್ಬ್ ಒಂದನ್ನು ತನ್ನಿ. ಕಂಪ್ಯೂಟರ್ ಬಿಡಿಸಿ, ಬಲ್ಬ್ ಹಾಕಿ, ಗೋಡೆಯ ಸ್ವಿಚ್ ಆರಿಸಿ. ಪ್ಲಗ್ ಕೀಳಬೇಡಿ, ಕಿತ್ತರೆ ಅರ್ತ್ ಕೂಡ ಕಡಿದುಹೋಗುತ್ತದೆ. ರೂಟರ್ ಹತ್ತು ಸೆಕೆಂಡಿಗೊಮ್ಮೆ ವೋಲ್ಟೇಜ್ ಬರೆದುಕೊಳ್ಳಲಿ. ಹೊಸ ಬ್ಯಾಟರಿ ಇಪ್ಪತ್ತು ನಿಮಿಷದ ಆಸುಪಾಸು ತಾಳುತ್ತದೆ, 10.5 ವೋಲ್ಟ್ ಹತ್ತಿರ ಆಟ ಮುಗಿಯುತ್ತದೆ. ಆ ಸಮಯ ಅರ್ಧಕ್ಕೆ ಇಳಿದ ವರ್ಷ ಬ್ಯಾಟರಿ ಬದಲಿಸಿ. ವರ್ಷಕ್ಕೆರಡು ಸಲ ಸಾಕು; ತಿಂಗಳಿಗೊಮ್ಮೆ ಹೀಗೆ ಬರಿದು ಮಾಡಿದರೆ ಪರೀಕ್ಷೆಯೇ ಬ್ಯಾಟರಿಯನ್ನು ಕೊಲ್ಲುತ್ತದೆ.

ಕಂಪ್ಯೂಟರ್‌ಗಳನ್ನು ಆರಿಸುವ ಕೆಲಸಕ್ಕೂ ಇದೇ ಗಡಿಯಾರ. ಅವುಗಳಲ್ಲೂ ನಟ್ ಮಾನಿಟರ್ ಹಾಕಿ, ರೂಟರ್‌ನ 3493ನೇ ಪೋರ್ಟ್‌ಗೆ ಕಿವಿಗೊಡುವಂತೆ ಹೇಳಿ. ಆ ಪೋರ್ಟ್ ಮನೆಯೊಳಗೆ ಮಾತ್ರ ತೆರೆದಿರಲಿ. ‘ಎಲ್‌ಬಿ’ ಬರುವವರೆಗೆ ಕಾಯಬೇಡಿ, ಅಗ್ಗದ ಪೆಟ್ಟಿಗೆಗಳು ಅದನ್ನು ಹೇಳುವಾಗ ಹೊತ್ತು ಮೀರಿರುತ್ತದೆ. ಒಂದು ನಿಮಿಷದವರೆಗಿನ ಕಡಿತಕ್ಕೆ ಸುಮ್ಮನಿದ್ದು, ಐದು ನಿಮಿಷವಾದರೆ ಎಲ್ಲವನ್ನೂ ಆರಿಸುವುದು ಒಳ್ಳೆಯ ಲೆಕ್ಕ. ರೂಟರ್ ಮಾತ್ರ ಆರಬೇಕಿಲ್ಲ. ಇಲ್ಲೊಂದು ಸಿಕ್ಕು: ಕಂಪ್ಯೂಟರ್ ಆರಿದ ಮೇಲೆ ಯುಪಿಎಸ್ ಸಾಯುವ ಮುಂಚೆಯೇ ಕರೆಂಟ್ ಬಂದರೆ, ಕಂಪ್ಯೂಟರ್‌ಗೆ ಬರುವ ಕರೆಂಟ್ ಕಡಿದೇ ಇರುವುದಿಲ್ಲ, ಹಾಗಾಗಿ ಅದು ತಾನಾಗಿ ಏಳುವುದೂ ಇಲ್ಲ. ‘ಓಎಲ್’ ಹದಿನೈದು ನಿಮಿಷ ನಿಂತಿದೆ ಎಂದು ನೋಡಿಕೊಂಡು ರೂಟರ್ ಅದನ್ನು ಲ್ಯಾನ್ ಮೂಲಕ ಎಬ್ಬಿಸಲಿ. ವೇಕ್-ಆನ್-ಲ್ಯಾನ್ ಸೌಲಭ್ಯ ಇರುವುದೇ ಅದಕ್ಕೆ.

ಮೊಬೈಲಿಗೆ ಸಂದೇಶ ಬರಬೇಕಾದರೆ ಫೈಬರ್ ಡಬ್ಬಿಯೂ ಇದೇ ಯುಪಿಎಸ್ ಮೇಲಿರಬೇಕು. ಒಂದು ಫೈಬರನ್ನು ಹಲವು ಮನೆಗಳಿಗೆ ಹಂಚುವ ಬೀದಿಯ ಸ್ಪ್ಲಿಟರ್‌ಗೆ ಕರೆಂಟ್ ಬೇಡ. ಆದರೆ ಕೆಲವು ಕೇಬಲ್‌ನವರು ಕಂಬದ ಮೇಲೆ ಕರೆಂಟ್ ಬೇಡುವ ಸ್ವಿಚ್ ಇಟ್ಟಿರುತ್ತಾರೆ; ಅಲ್ಲಿನ ಬ್ಯಾಟರಿ ಮುಗಿದರೆ ನಿಮ್ಮದು ತುಂಬಿದ್ದೂ ಪ್ರಯೋಜನವಿಲ್ಲ.

ಮನೆಗೆಲ್ಲ ಒಂದೇ ಇನ್ವರ್ಟರ್, 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಇರುವವರಿಗೆ ಡೇಟಾ ಕಿಂಡಿ ಸಿಗುವುದು ಅಪರೂಪ. ಅವರಿಗೆ ಸುಲಭದ ಉಪಾಯವಿದೆ. ಫ್ರಿಜ್, ಗೀಸರ್‌ಗಳಿಗೆಂದು ಎಲೆಕ್ಟ್ರಿಷಿಯನ್ ಇನ್ವರ್ಟರ್‌ನಿಂದ ಹೊರಗೆ ಬಿಟ್ಟಿರುವ ಪಾಯಿಂಟಿಗೆ ಒಂದು ಅಗ್ಗದ ವೈಫೈ ಪ್ಲಗ್ ಹಾಕಿ. ರೂಟರ್ ಹತ್ತು ಸೆಕೆಂಡಿಗೊಮ್ಮೆ ಅದನ್ನು ಪಿಂಗ್ ಮಾಡಲಿ. ಸತತ ಮೂರು ಸಲ ಓಗೊಡದಿದ್ದರೆ ಕರೆಂಟ್ ಹೋಗಿದೆ. ಒಂದು ಸಲ ತಪ್ಪುವುದು ವೈಫೈನ ಚಾಳಿ, ಲೆಕ್ಕಕ್ಕಿಲ್ಲ. ಬ್ಯಾಟರಿ ವೋಲ್ಟೇಜ್ ಕೂಡ ಬೇಕೆಂದರೆ ನೋಡ್‌ಎಂಸಿಯು ಎಂಬ ವೈಫೈ ಇರುವ ಪುಟ್ಟ ಬೋರ್ಡ್‌ಗೆ 47 ಕಿಲೋಓಮ್, 10 ಕಿಲೋಓಮ್ ರೆಸಿಸ್ಟರ್‌ಗಳ ಜೋಡಿ ಸಾಕು, 15 ವೋಲ್ಟ್ 2.6 ಆಗಿ ಇಳಿಯುತ್ತದೆ. ಬ್ಯಾಟರಿಯ ಪ್ಲಸ್ ತುದಿಯಲ್ಲೇ ಒಂದು ಆಂಪಿಯರ್ ಫ್ಯೂಸ್ ಹಾಕದೆ ವೈರ್ ಎಳೆಯಬೇಡಿ. ಆ ಬ್ಯಾಟರಿ ಶಾರ್ಟ್ ಆದರೆ ಸಣ್ಣ ವೈರ್ ಕೆಂಪಗೆ ಕಾದು ಉರಿಯುತ್ತದೆ.

ದಾಖಲೆಯನ್ನು ರೂಟರ್‌ನ ರ‍್ಯಾಮ್‌ನಲ್ಲಿ ಬರೆದು ದಿನಕ್ಕೊಮ್ಮೆ ಬೇರೆಡೆ ನಕಲು ಮಾಡಿ. ಸೆಕೆಂಡಿಗೊಮ್ಮೆ ಫ್ಲ್ಯಾಶ್‌ಗೆ ಬರೆದರೆ ಅದು ಬೇಗ ಸವೆಯುತ್ತದೆ. ಪಂಪ್‌ಸೆಟ್, ಆಲೆಮನೆಗಳ ಮೋಟಾರುಗಳಿರುವ ಮಂಡ್ಯದ ಊರುಗಳಲ್ಲಿ ಈ ದಾಖಲೆಯಿಂದ ಇನ್ನೊಂದು ಉಪಯೋಗವಿದೆ. ವಿದ್ಯುತ್ ದೂರಿನ 1912ಕ್ಕೆ ಫೋನ್ ಮಾಡಿ ‘ವೋಲ್ಟೇಜ್ ಇಲ್ಲ ಸ್ವಾಮಿ’ ಎನ್ನುವ ಬದಲು ‘ಮಂಗಳವಾರ ಸಂಜೆ 6.40ರಿಂದ 8.15ರವರೆಗೆ 184 ವೋಲ್ಟ್ ಇತ್ತು’ ಎನ್ನಬಹುದು. ಅದಕ್ಕೆ ಮುಂಚೆ ಒಮ್ಮೆ ಮಲ್ಟಿಮೀಟರ್ ಇಟ್ಟು ಹೋಲಿಸಿಕೊಳ್ಳಿ. ಅಗ್ಗದ ಯುಪಿಎಸ್‌ನ ಅಳತೆ ಐದಾರು ವೋಲ್ಟ್ ಅತ್ತಿತ್ತ ಇರುವುದುಂಟು.