ಎಂಆರ್‌ಐ: ಮಕ್ಕಳಿಗೆ ಎಷ್ಟು ಸುರಕ್ಷಿತ?

ಎಂಆರ್‌ಐ, ಅಂದರೆ ಮ್ಯಾಗ್ನೆಟಿಕ್ ರೆಸೊನೆನ್ಸ್ ಇಮೇಜಿಂಗ್, ಆಯಸ್ಕಾಂತ ಮತ್ತು ರೇಡಿಯೋ ತರಂಗಗಳ ನೆರವಿನಿಂದ ದೇಹದ ಒಳಗನ್ನು ಚಿತ್ರಿಸುವ ವಿಧಾನ. ದೇಹದ ನೀರಿನಲ್ಲಿರುವ ಹೈಡ್ರೋಜನ್ನಿನ ನ್ಯೂಕ್ಲಿಯಸ್‌ಗಳು ಕಾಂತಕ್ಷೇತ್ರಕ್ಕೆ ಹೊಂದಿಕೊಂಡು ನಿಲ್ಲುತ್ತವೆ. ರೇಡಿಯೋ ತರಂಗ ಅವನ್ನು ಕ್ಷಣಕಾಲ ಕದಲಿಸುತ್ತದೆ. ಅವು ಮರಳುವಾಗ ಹೊಮ್ಮುವ ಸಂಕೇತಗಳಿಂದ ಕಂಪ್ಯೂಟರ್ ಚಿತ್ರ ಕಟ್ಟುತ್ತದೆ. ಎಕ್ಸ್-ರೇ, ಸಿ.ಟಿ. ಸ್ಕ್ಯಾನ್‌ಗಳಲ್ಲಿರುವ ವಿಕಿರಣ ಇದರಲ್ಲಿ ಇಲ್ಲ. “ಇಷ್ಟು ಚಿಕ್ಕ ಕೂಸಿಗೆ ಕಿರಣ ಬಿಡುವುದೇ?” ಎಂದು ಮನೆಯ ಹಿರಿಯರು ಹೆದರುವುದುಂಟು. ಆ ಭಯಕ್ಕೆ ಇಲ್ಲಿ ಕಾರಣವಿಲ್ಲ. ಎಚ್ಚರ ಬೇಕಾಗಿರುವುದು ಆಯಸ್ಕಾಂತದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ನಿದ್ರೆಯ ಔಷಧದ ಬಗ್ಗೆ.

ಆಸ್ಪತ್ರೆಗಳ ಯಂತ್ರಗಳು ಹೆಚ್ಚಾಗಿ 1.5 ಅಥವಾ 3 ಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಬಲದವು. 1.5 ಟೆಸ್ಲಾ ಎಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಸ್ಕ್ಯಾನ್ ನಡೆಯದಿರುವಾಗಲೂ ಆ ಆಯಸ್ಕಾಂತ ಎಚ್ಚರವಾಗಿಯೇ ಇರುತ್ತದೆ. 2001ರಲ್ಲಿ ನ್ಯೂಯಾರ್ಕ್ ರಾಜ್ಯದ ಆಸ್ಪತ್ರೆಯೊಂದರಲ್ಲಿ ಆರು ವರ್ಷದ ಬಾಲಕನೊಬ್ಬ ಯಂತ್ರದೊಳಗೆ ಮಲಗಿದ್ದಾಗ ಕೋಣೆಗೆ ತಂದ ಆಮ್ಲಜನಕದ ಸಿಲಿಂಡರ್ ಹಾರಿ ಬಂದು ಬಡಿಯಿತು, ಮಗು ಬದುಕಲಿಲ್ಲ. 2018ರಲ್ಲಿ ಮುಂಬೈಯಲ್ಲೂ ಎಂಆರ್‌ಐ ಕೋಣೆಗೆ ಸಿಲಿಂಡರ್ ಒಯ್ದ ಯುವಕನೊಬ್ಬ ಪ್ರಾಣ ಕಳೆದುಕೊಂಡ.

ಆದ್ದರಿಂದ ಮಗುವಿನ ಉಡಿದಾರ, ಕಾಲ್ಗೆಜ್ಜೆ, ತಾಯತ, ಓಲೆ ಎಲ್ಲವನ್ನೂ ಬಿಚ್ಚಿಡಬೇಕು. ಬೆಳ್ಳಿಯನ್ನು ಆಯಸ್ಕಾಂತ ಸೆಳೆಯುವುದಿಲ್ಲ, ನಿಜ. ಆದರೆ ರೇಡಿಯೋ ತರಂಗಗಳಿಂದ ಲೋಹ ಬಿಸಿಯಾಗಿ ಚರ್ಮ ಸುಡಬಹುದು. ಜೊತೆಗೆ ಹೋಗುವ ತಾಯಿಯ ಬಳೆಗೋ ಸೆರಗಿಗೋ ಸಿಕ್ಕಿಸಿರುವ ಪಿನ್ನನ್ನೂ ಮರೆಯಬಾರದು. ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸಲೆಂದು ಶಸ್ತ್ರಚಿಕಿತ್ಸೆಯಿಂದ ಅಳವಡಿಸಿದ ಸಾಧನ) ಇದ್ದರೆ, ನಾಣ್ಯವನ್ನೋ ಬಟನ್ ಬ್ಯಾಟರಿಯನ್ನೋ ನುಂಗಿರುವ ಶಂಕೆ ಇದ್ದರೆ ಮೊದಲೇ ಹೇಳಿ. ಯಂತ್ರದ ಸದ್ದು 100 ಡೆಸಿಬೆಲ್ ದಾಟಬಹುದು. ನಿದ್ದೆಯಲ್ಲಿರುವ ಮಗುವಿಗೂ ಕಿವಿ ರಕ್ಷಣೆ ಬೇಕೇ ಬೇಕು.

ಇನ್ನು ನಿದ್ರೆಯ ಮಾತು. ಅರ್ಧ, ಮುಕ್ಕಾಲು ಗಂಟೆ ಅಲುಗದೆ ಮಲಗುವುದು ಪುಟ್ಟ ಮಕ್ಕಳಿಂದ ಆಗದು, ಅಲುಗಿದರೆ ಚಿತ್ರ ಕೆಡುತ್ತದೆ. ಅದಕ್ಕೇ ಸೆಡೇಶನ್ (ಮಂಪರು ಬರಿಸುವ ಔಷಧ) ಅಥವಾ ಅರಿವಳಿಕೆ. ಆಗ ಉಸಿರಾಟ ಕುಗ್ಗಬಹುದು. ಇಡೀ ಹೊತ್ತು ಉಸಿರು, ನಾಡಿ, ಆಮ್ಲಜನಕದ ಮಟ್ಟ ನೋಡಿಕೊಳ್ಳುವ ತರಬೇತಾದವರು ಯಾರು ಎಂದು ಕೇಳುವುದು ಹೆತ್ತವರ ಹಕ್ಕು. ಹೊಟ್ಟೆ ಖಾಲಿ ಇರಬೇಕು: ಸಾಮಾನ್ಯವಾಗಿ ಘನ ಆಹಾರ ಬಿಟ್ಟು 6 ಗಂಟೆ, ತಾಯಿಹಾಲು ಬಿಟ್ಟು 4 ಗಂಟೆ. ಅಳುವ ಮಗುವಿಗೆ ಕನಿಕರದಿಂದ ಅಜ್ಜಿ ಒಂದು ಲೋಟ ಹಾಲು ಕೊಟ್ಟಿದ್ದರೆ ದಯವಿಟ್ಟು ಮುಚ್ಚಿಡಬೇಡಿ; ವಾಂತಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಸ್ಕ್ಯಾನ್ ಮುಂದೂಡಿದರೆ ನಷ್ಟವೇನೂ ದೊಡ್ಡದಲ್ಲ.

ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆ ಮೀರಿದ ಅಥವಾ ಪದೇ ಪದೇ ಕೊಡುವ ಅರಿವಳಿಕೆ ಮೆದುಳಿನ ಬೆಳವಣಿಗೆಗೆ ತೊಡಕಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಎಚ್ಚರಿಸಿತು. ಒಮ್ಮೆ ಅಲ್ಪಾವಧಿಗೆ ಕೊಟ್ಟರೆ ಅಂಥ ಹಾನಿ ಕಂಡುಬಂದಿಲ್ಲ. ಎಳೆಗೂಸುಗಳಿಗೆ ಎಷ್ಟೋ ಸಲ ಔಷಧವೇ ಬೇಡ: ಹಾಲೂಡಿಸಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ ಮಲಗಿಸಿದರೆ ಸಹಜ ನಿದ್ದೆಯಲ್ಲೇ ಸ್ಕ್ಯಾನ್ ಮುಗಿಯುತ್ತದೆ. ಈ ದಾರಿ ಸಾಧ್ಯವೇ ಎಂದು ಮೊದಲು ವಿಚಾರಿಸಿ.

ಕೆಲವೊಮ್ಮೆ ಚಿತ್ರ ಸ್ಪಷ್ಟವಾಗಲು ಗ್ಯಾಡೋಲಿನಿಯಂ ಎಂಬ ಲೋಹಧಾತು ಇರುವ ಚುಚ್ಚುಮದ್ದು ಕೊಡುತ್ತಾರೆ. ಮಗುವಿಗೆ ಮೂತ್ರಪಿಂಡದ ತೊಂದರೆಯೋ ಹಿಂದೆ ಔಷಧದ ಅಲರ್ಜಿಯೋ ಇದ್ದರೆ ಸೂಜಿ ಹಾಕುವ ಮೊದಲೇ ವೈದ್ಯರಿಗೆ ತಿಳಿಸಬೇಕು.